ಎರೆಹುಳುವಿಗೆ ಕಸಿ: ಹುಳು ಒಲ್ಲೆ ಅಂದಿತೋ, ಕೈ ತಪ್ಪಿತೋ?

ಆಗಸ್ಟ್ 12, 2025, ಮಂಗಳವಾರ

ಒಂದು ಎರೆಹುಳುವಿನ ಚರ್ಮದ ತುಂಡನ್ನು ಇನ್ನೊಂದಕ್ಕೆ ಕೂರಿಸಿ, ಅದರ ದೇಹ ಒಪ್ಪುತ್ತದೋ ತಿರಸ್ಕರಿಸುತ್ತದೋ ನೋಡುವ ಪ್ರಯೋಗ ಇದು. ಕಸಿ ಮಾಡಿದ ಹುಳುವಿನ ಡಬ್ಬಿ ತೆರೆದಾಗ ಕಣ್ಣು ಮೊದಲು ಹೋಗಬೇಕಾದ್ದು ಪರಕೀಯ ತುಂಡಿನ ಮೇಲಲ್ಲ, ಅದೇ ಹುಳುವಿನಿಂದ ತೆಗೆದು ಅದಕ್ಕೇ ಕೂರಿಸಿದ ಸ್ವಂತ ತುಂಡಿನ ಮೇಲೆ. ಅದು ಬಿಳುಚಿದ್ದರೆ ಆ ಹುಳುವನ್ನು ಲೆಕ್ಕದಿಂದಲೇ ಕೈಬಿಡಿ. ಅಲ್ಲಿ ಕೆಟ್ಟದ್ದು ಕೈಕೆಲಸ, ರೋಗನಿರೋಧ ಅಲ್ಲ.

1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಕೂಪರ್ ಬೆಳೆಸಿದ ಪದ್ಧತಿ ಇದು. ತುಂಡು ಪಡೆಯುವುದು ಲುಂಬ್ರಿಕಸ್ ಎಂಬ ಜಾತಿಯ ಎರೆಹುಳು, ಕೊಡುವುದು ಐಸೀನಿಯಾ, ಅಂದರೆ ನಮ್ಮ ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು.

ಎರಡು ದಿನ ಒದ್ದೆ ಫಿಲ್ಟರ್ ಕಾಗದದ ಮೇಲೆ ಉಪವಾಸವಿಟ್ಟರೆ ಕರುಳಿನ ಮಣ್ಣು ಹೊರಬೀಳುತ್ತದೆ. ಆಮೇಲೆ ಮಂಪರು ಬರಿಸಲು 10% ಆಲ್ಕೋಹಾಲಿನಲ್ಲಿ ಸುಮಾರು ಹತ್ತು ನಿಮಿಷ. ಐಸೀನಿಯಾಕ್ಕೆ ಆಲ್ಕೋಹಾಲು ತಾಗಿದ್ದೇ ತಡ, ಬೆನ್ನಿನ ರಂಧ್ರಗಳಿಂದ ನಾರುವ ಹಳದಿ ದ್ರವ ಕಾರುತ್ತದೆ. ಜೀವಕೋಶದ ಪೊರೆ ತೂತು ಮಾಡುವ ಲೈಸೆನಿನ್ ಇರುವುದು ಅದರಲ್ಲೇ. ಹಾಗಾಗಿ ಎರಡು ಸಲ ತೊಳೆಯದೆ ಬ್ಲೇಡು ಮುಟ್ಟಬೇಡಿ.

ಕ್ಲೈಟೆಲ್ಲಮ್‌ನಿಂದ (ಹುಳುವಿನ ಮುಂಭಾಗದಲ್ಲಿ ಕಾಣುವ ದಪ್ಪ ಪಟ್ಟಿ) ಹಿಂದಕ್ಕೆ, ಬೆನ್ನಿನ ಪಕ್ಕದಲ್ಲಿ ಎರಡು ಮಿಲಿಮೀಟರ್ ಚೌಕ, ಸ್ನಾಯು ಸಮೇತ. ನಡುಬೆನ್ನಿಗೆ ಹೋದರೆ ದೊಡ್ಡ ರಕ್ತನಾಳ, ಹೊಟ್ಟೆಯ ಕಡೆ ನರಹುರಿ. ಕರುಳಿಗೆ ಬ್ಲೇಡಿನ ತುದಿ ತಾಗಿದರೂ ಬ್ಯಾಕ್ಟೀರಿಯಾ ಒಳನುಗ್ಗಿ ಕಸಿ ಕೊಳೆಯುತ್ತದೆ. ತುಂಡನ್ನು 90 ಡಿಗ್ರಿ ತಿರುಗಿಸಿ ಕೂರಿಸಿ. ಉಂಗುರದ ಗೆರೆಗಳು ಅಡ್ಡಬಿದ್ದು ಗಡಿ ಎಲ್ಲಿದೆ ಎಂದು ಆಮೇಲೂ ಗೊತ್ತಾಗುತ್ತದೆ. ಹೊಲಿಗೆ ಬೇಡ. ಅಂಚಿನ ನೀರನ್ನು ಕಾಗದದ ಚೂರಿನಿಂದ ಹೀರಿ, ಹುಳು ಹೊರಳಾಡದಂತೆ ಒಂದು ರಾತ್ರಿ ತಂಪಿನಲ್ಲಿಡಿ.

ಒಂದೆರಡು ದಿನದಲ್ಲೇ ಮೂಲೆ ಎದ್ದು ಒಣಗಿದರೆ ಅದು ತಿರಸ್ಕಾರವಲ್ಲ, ತುಂಡು ಕೂತೇ ಇರಲಿಲ್ಲ. ನಿಜವಾದ ತಿರಸ್ಕಾರಕ್ಕೆ ಆತುರವಿಲ್ಲ. ಮೊದಲು ಅಂಚು ಕೂಡಿಕೊಂಡು, ಬಣ್ಣವೂ ಉಳಿದು, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಅಡಿಯಲ್ಲಿ ಮಾತ್ರ ಸೀಲೋಮೋಸೈಟ್ ಕೋಶಗಳು, ಅಂದರೆ ಹುಳುವಿನ ಒಡಲಿನ ದ್ರವದಲ್ಲಿರುವ ರಕ್ಷಣಾ ಕೋಶಗಳು, ಮುತ್ತಿ ತುಂಡಿನ ಸ್ನಾಯುವನ್ನು ನುಂಗುತ್ತಿರುತ್ತವೆ. ಆಮೇಲೆ ತುಂಡು ಊದಿಕೊಂಡು, ಐಸೀನಿಯಾದ ಕೆಂಪು ಪಟ್ಟೆ ಮಸುಕಾಗಿ, ಕೊನೆಗೆ ಬೆಳ್ಳಗೆ ಕಳಚುತ್ತದೆ. ತಂಪಿನಲ್ಲಿ ಇದೆಲ್ಲ ಇನ್ನೂ ನಿಧಾನ. 15 ಡಿಗ್ರಿಯ ಹುಳುವನ್ನು 20 ಡಿಗ್ರಿಯದರ ಜೊತೆ ಹೋಲಿಸುವುದು ದಂಡ.

ಎರೆಹುಳುವಿಗೆ ಪ್ರತಿಕಾಯಗಳಿಲ್ಲ. ಆದರೂ 1971ರಲ್ಲಿ ಕೂಪರ್ ಗುಂಪು, ಕಸಿ ಕಂಡ ಹುಳುವಿನ ಸೀಲೋಮೋಸೈಟ್‌ಗಳನ್ನು ಹೊಸ ಹುಳುವಿಗೆ ಕೊಟ್ಟು ತಿರಸ್ಕಾರದ ಗುಣ ದಾಟಿಸಿತು. ಇದನ್ನು ‘ನೆನಪು’ ಅನ್ನಲು ನನಗೆ ಅರೆಮನಸ್ಸು. ಅದೇ ಜಾತಿಯ ಎರಡನೇ ಕಸಿ ಮೊದಲನೆಯದಕ್ಕಿಂತ ಬೇಗ ಬಿದ್ದರೆ ಸಾಲದು; ಪಕ್ಕದಲ್ಲೇ ಮೂರನೇ ಜಾತಿಯ ತುಂಡನ್ನೂ ಕೂರಿಸಿ ನೋಡಬೇಕು. ಅದೂ ಅಷ್ಟೇ ಬೇಗ ಬಿದ್ದರೆ ಹುಳು ಯಾರನ್ನೂ ನೆನಪಿಟ್ಟಿಲ್ಲ, ಬರೀ ಕೆರಳಿದೆ.

ನಾಳೆ: ಕಾಗದ ಬದಲಿಸುವುದು, ಫೋಟೊ. ಸ್ವಂತ ತುಂಡಿನದು ಮೊದಲು.