ಟಾನಿಕ್ ಬರೆದುಕೊಡಿ ಎನ್ನುವವರಿಗೆ

ಸಿಂಧನೂರಿನಲ್ಲಿ ಮಕ್ಕಳ ವೈದ್ಯೆಯಾಗಿರುವ ನನಗೆ ಚಿಕಿತ್ಸಾಲಯದಲ್ಲಿ, ಮದುವೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಒಮ್ಮೆ ಬ್ಯಾಂಕಿನ ಸರದಿಯಲ್ಲಿ ಕೂಡ ಕೇಳಲಾದ ಪ್ರಶ್ನೆ ಒಂದೇ. "ಮೇಡಂ, ಹುಡುಗ ಏನೂ ಉಣ್ಣಂಗಿಲ್ರಿ, ಒಂದು ಛಲೋ ಟಾನಿಕ್ ಬರದು ಕೊಡ್ರಿ." ಹುಡುಗನ ವಯಸ್ಸು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡರ ಒಳಗಿರುತ್ತದೆ. ಬಾಯಿಯಿಂದ ಉತ್ತರ ಹೇಳಿ ಸಾಕಾಗಿರುವುದರಿಂದ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಇದನ್ನೇ ಕಳುಹಿಸುವ ಉದ್ದೇಶವಿದೆ. ಉತ್ತರ ಚಿಕ್ಕದು: ಬರೆದುಕೊಡುವುದಿಲ್ಲ.

ಚಿಕ್ಕ ಉತ್ತರದಿಂದ ಯಾರಿಗೂ ಸಮಾಧಾನವಾಗುವುದಿಲ್ಲ ಎಂಬುದೂ ಗೊತ್ತು. ಊಟ ಸೇರದಿದ್ದರೆ ಟಾನಿಕ್, ಎತ್ತರ ಬೆಳೆಯದಿದ್ದರೆ ಟಾನಿಕ್, ಓದಿದ್ದು ತಲೆಯಲ್ಲಿ ನಿಲ್ಲದಿದ್ದರೆ ಟಾನಿಕ್, ಎದುರು ಮಾತನಾಡಿದರೂ ಟಾನಿಕ್. ನಮ್ಮ ಭಾಗದ ಭತ್ತದ ಗದ್ದೆಗಳಿಗೆ ಯೂರಿಯಾ ಎರಚಿದ ಮೂರನೆಯ ದಿನಕ್ಕೇ ಹಸಿರು ಹುಡುಕುವ ಅಭ್ಯಾಸವನ್ನು ನಾವು ಮಕ್ಕಳ ಮೇಲೂ ಪ್ರಯೋಗಿಸುತ್ತಿದ್ದೇವೆ. ಹಸಿವು ಹೆಚ್ಚಿಸುತ್ತದೆಂದು ಮಾರುವ ಕೆಲವು ಬಾಟಲಿಗಳಲ್ಲಿ ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿಯ ಔಷಧ ಇರುತ್ತದೆ. ಅದು ಹಸಿವಿನ ಜೊತೆಗೆ ತೂಕಡಿಕೆಯನ್ನೂ ತರುತ್ತದೆ. ಕುಡಿಯುವುದನ್ನು ನಿಲ್ಲಿಸಿದ ಮೇಲೆ ಹಸಿವು ಮೊದಲಿನಂತೆಯೇ ಆಗುತ್ತದೆ. ಅಂಗಡಿಯಿಂದ ತಾನಾಗಿಯೇ ಆ ಬಾಟಲಿ ಕೊಂಡ ತಂದೆಯೊಬ್ಬರು ಕೆಲವೇ ದಿನಗಳಲ್ಲಿ ನನ್ನ ಬಳಿ ಬಂದು, ಮಗ ತರಗತಿಯಲ್ಲಿ ನಿದ್ದೆ ಮಾಡುತ್ತಾನೆಂದು ದೂರಿ, ಬುದ್ಧಿ ಚುರುಕಾಗುವ ಇನ್ನೊಂದು ಟಾನಿಕ್ ಕೇಳಿದ್ದರು. ಹಾಲಿಗೆ ಬೆರೆಸುವ ಪುಡಿಗಳ ವಿಷಯಕ್ಕೆ ಬಂದರೆ, ಅಂಥ ಪೇಯಗಳನ್ನು 'ಆರೋಗ್ಯ ಪಾನೀಯ' ಎಂಬ ವಿಭಾಗದಿಂದ ತೆಗೆಯಬೇಕೆಂದು ಕೇಂದ್ರ ಸರ್ಕಾರವು ಆನ್‌ಲೈನ್ ಮಾರಾಟ ತಾಣಗಳಿಗೆ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಆ ಡಬ್ಬಿಯ ಹಿಂಭಾಗದಲ್ಲಿ ಸಕ್ಕರೆಯ ಪ್ರಮಾಣವನ್ನು ಅಚ್ಚು ಹಾಕಿರುತ್ತಾರೆ. ಜಾಹೀರಾತು ಇರುವುದು ಮುಂಭಾಗದಲ್ಲಿ.

ಎತ್ತರದ ಚಿಂತೆಯನ್ನು ಬೇಗ ಮುಗಿಸುತ್ತೇನೆ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಿದ್ದರೆ ಅದು ಸರಿಯಾದ ಬೆಳವಣಿಗೆ. ಹುಡುಗಿಯರಲ್ಲಿ ಪ್ರಾಯದ ಬದಲಾವಣೆಗಳು 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಆರಂಭವಾಗುತ್ತವೆ, ಮತ್ತು ಹುಡುಗರ ಎತ್ತರದ ಜಿಗಿತ ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡವಾಗಿ ಬರುತ್ತದೆ. ಆದ್ದರಿಂದ ಆರನೆಯ ತರಗತಿಯ ಸಾಲಿನಲ್ಲಿ ನಿಮ್ಮ ಮಗನಿಗಿಂತ ಪಕ್ಕದ ಮನೆಯ ಹುಡುಗಿ ಎತ್ತರ ಕಂಡರೆ ಅದು ಕಾಯಿಲೆಯಲ್ಲ. ಎಂಟು ತುಂಬುವ ಮೊದಲೇ ಹುಡುಗಿಯಲ್ಲಿ, ಒಂಬತ್ತು ತುಂಬುವ ಮೊದಲೇ ಹುಡುಗನಲ್ಲಿ ಆ ಬದಲಾವಣೆಗಳು ಕಂಡರೆ ಮಾತ್ರ ಬೇಗ ಕರೆತನ್ನಿ; ಆಗ ಪರೀಕ್ಷಿಸಬೇಕಾದ ಕಾರಣಗಳಿರುತ್ತವೆ.

ರಕ್ತಹೀನತೆ ಮಾತ್ರ ನಿಜವಾದ ಸಮಸ್ಯೆ, ಮತ್ತು ಅದರ ಔಷಧ ಶಾಲೆಯಲ್ಲೇ ಉಚಿತವಾಗಿ ಸಿಗುತ್ತದೆ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 40 ಮಂದಿಗೆ, ಹುಡುಗರಲ್ಲಿ ಶೇ 18 ಮಂದಿಗೆ ರಕ್ತಹೀನತೆ ಇತ್ತು. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವಿದೆ: ಹತ್ತರೊಳಗಿನವರಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ ಬಣ್ಣದ್ದು. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಒಂದೇ ಅನುಭವದಿಂದ ಮಕ್ಕಳು ಅದನ್ನು ಕಿಟಕಿಯಿಂದ ಆಚೆಗೆ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿಸಿ ಎಂದು ನಾನು ಹೇಳುತ್ತೇನೆ. ಊಟದ ಜೊತೆಗೆ ಚಹಾ ಕೊಡಬೇಡಿ ಎಂದೂ ಹೇಳುತ್ತೇನೆ, ಏಕೆಂದರೆ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೆಯದಕ್ಕೆ ಮನೆಯ ಹಿರಿಯರ ಮುಖ ಸಪ್ಪಗಾಗುತ್ತದೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಣ್ಣುವ ಸೀಮೆಯವರಾದ ನಾವು ಆ ತಟ್ಟೆಯನ್ನು ಬಡತನದ ಗುರುತೆಂದು ಬದಿಗೆ ಸರಿಸಿ, ಮಗುವಿಗೆ ಬಿಸ್ಕತ್ತು ಕೊಟ್ಟು, ಬಳಿಕ ಬಾಟಲಿ ಹುಡುಕುತ್ತೇವೆ. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡಲಾರಂಭಿಸಿದಾಗ ರಾಜ್ಯದ ತುಂಬ ಎಷ್ಟು ವಾದವಾಯಿತೆಂದು ನೆನಪಿದೆ. ಆ ವಾದದಲ್ಲಿ ದೊಡ್ಡವರೆಲ್ಲ ಮಾತನಾಡಿದರು.

ನನಗೆ ನಿಜವಾದ ಸಿಟ್ಟು ಬರುವುದು ಇಲ್ಲಿಯೇ. ಪ್ರಶ್ನೆ ಕೇಳುವಾಗ ಮಗು ಎದುರಿಗೇ ಕುಳಿತಿರುತ್ತದೆ. ನಾನು ಮಗುವನ್ನು "ಎಲ್ಲಿ ನೋಯುತ್ತದೆ?" ಎಂದು ಕೇಳಿದರೆ ತಾಯಿ ಉತ್ತರಿಸುತ್ತಾರೆ, ತಾಯಿಯ ಮಾತನ್ನು ಅಜ್ಜಿ ತಿದ್ದುತ್ತಾರೆ, ಅಜ್ಜಿಯ ಮಾತಿನ ನಡುವೆ ಮಾವ ಫೋನಿನಿಂದ ತಲೆಯೆತ್ತಿ ಟಾನಿಕ್ ಎನ್ನುತ್ತಾರೆ. ಹೆಸರು ಕೇಳಿದರೂ ಮಗುವಿನ ಬದಲು ಬೇರೆಯವರೇ ಹೇಳಿದ ಸಂದರ್ಭಗಳಿವೆ.

ಬಿಸಿಲು ಏರತೊಡಗಿದ್ದ ಒಂದು ಮಾರ್ಚ್‌ನಲ್ಲಿ, ಹತ್ತಿರದ ಹಳ್ಳಿಯಿಂದ ಹನ್ನೊಂದು ವರ್ಷದ ಹುಡುಗಿಯನ್ನು ಅವಳ ತಾಯಿ ಮತ್ತು ದೊಡ್ಡಪ್ಪ ಕರೆತಂದಿದ್ದರು. ಊಟ ಸೇರುವುದಿಲ್ಲ, ಹೊಟ್ಟೆ ನೋವು, ಶಾಲೆಗೆ ಹೋಗಲು ಅಳು. ನಾನು ಪರೀಕ್ಷಿಸಿ ಮುಗಿಸುವುದರೊಳಗೆ ದೊಡ್ಡಪ್ಪ ಟಾನಿಕ್ ಎಂಬ ಮಾತನ್ನು ಮತ್ತೆ ಮತ್ತೆ ಎತ್ತಿದರು; ಒಂದು ಬಾಟಲಿಯ ಹೆಸರನ್ನೂ ಸೂಚಿಸಿದರು. ನಾನು ಸಿಸ್ಟರ್ ಅವರನ್ನು ಒಳಗೆ ಕರೆದು, ಉಳಿದಿಬ್ಬರನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಕೇಳಿಕೊಂಡೆ. ದೊಡ್ಡಪ್ಪನಿಗೆ ಅದು ಅವಮಾನವಾಗಿ ತೋರಿತು. ಬಾಗಿಲ ಪರದೆಯ ಕೆಳಗೆ ಅವರ ಚಪ್ಪಲಿಗಳು ಬಹಳ ಹೊತ್ತು ಅಲ್ಲಿಯೇ ನಿಂತಿದ್ದವು.

ಹುಡುಗಿ ಮೊದಲು ಏನನ್ನೂ ಹೇಳಲಿಲ್ಲ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದಾಗ, "ಸಾಲ್ಯಾಗ ಕುಡಿಯಂಗಿಲ್ರಿ" ಎಂದಳು. ಯಾಕವ್ವಾ ಎಂದೆ. "ಪಾಯಖಾನಿ ಬಾಗ್ಲಿಗೆ ಚಿಲಕಿಲ್ರಿ. ಹುಡುಗ್ರು ಬಂದು ನೂಕ್ತಾರ." ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಹೋದರೆ ಸಂಜೆ ಮನೆಗೆ ಬರುವವರೆಗೆ ಆ ಮಗು ಗಂಟಲು ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಮೂತ್ರಕ್ಕೆ ಹೋದಾಗ ಉರಿಯುತ್ತಿದ್ದುದನ್ನು ತಾಯಿಗೂ ಹೇಳಿರಲಿಲ್ಲ, ಏಕೆಂದರೆ ಅದು ದೊಡ್ಡಾಕಿಯಾಗುವ ಲಕ್ಷಣವೆಂದೂ, ಹಾಗಾದರೆ ಶಾಲೆ ಬಿಡಿಸುತ್ತಾರೆಂದೂ ಗೆಳತಿಯೊಬ್ಬಳು ಹೇಳಿದ್ದಳು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು; ಅದಕ್ಕೆ ಔಷಧವಿದೆ, ಕೊಟ್ಟೆ. ಚಿಲಕದ ವಿಷಯವನ್ನು ಹೊರಗೆ ಹೇಳಬಹುದೇ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ, ಹುಡುಗರು ನೂಕುವುದನ್ನು ಬಿಟ್ಟು ಚಿಲಕವನ್ನಷ್ಟೇ ಹೇಳಿ ಎಂದಳು. ಹಾಗೆಯೇ ಹೇಳಿದೆ. ಆಗ ತಿಳಿದದ್ದೇನೆಂದರೆ, ದೊಡ್ಡಪ್ಪ ಅದೇ ಶಾಲೆಯ ಎಸ್‌ಡಿಎಂಸಿಯ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಸಮಿತಿಯ, ಸದಸ್ಯರಾಗಿದ್ದರು. ಒಂದು ಚಿಲಕದ ಬೆಲೆ ಅವರು ಸೂಚಿಸಿದ್ದ ಬಾಟಲಿಯ ಬೆಲೆಗಿಂತ ಕಡಿಮೆ ಎಂದು ನಾನು ಹೇಳಿದ್ದು ಕಟುವಾಯಿತೆಂದು ಸಿಸ್ಟರ್ ಆಮೇಲೆ ಆಕ್ಷೇಪಿಸಿದರು. ಬಾಗಿಲಿಗೆ ಚಿಲಕವಂತೂ ಬಂತು.

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ, ಆದರೆ ಕೇಳಿದರೆ ಎದ್ದುನಿಂತು ನಮಸ್ಕರಿಸಬೇಕೆಂದು ನಾನು ಕಾಯುತ್ತಿರುವ ಪ್ರಶ್ನೆ ಬೇರೆಯೇ ಇದೆ. "ಮೇಡಂ, ನಾವು ಸ್ವಲ್ಪ ಹೊರಗ ಕುಂದ್ರಬೇಕೇನ್ರಿ?" ಇಷ್ಟೇ. ಹತ್ತು ವರ್ಷದ ಮಗುವಿಗೆ ತನ್ನ ದೇಹದ ಬಗ್ಗೆ, ಭಯದ ಬಗ್ಗೆ ಹೇಳಲು ಮಾತುಗಳಿರುತ್ತವೆ. ಅವನ್ನು ಹೇಳಲು ದೊಡ್ಡವರಿಲ್ಲದ ಹತ್ತು ನಿಮಿಷ ಮಾತ್ರ ಅದರ ಬಳಿ ಇರುವುದಿಲ್ಲ.

ದಿನವೂ ಸಂಜೆ ತಲೆನೋವೆನ್ನುವ ಹುಡುಗನನ್ನು ಅಜ್ಜಿ ಕರೆತರುತ್ತಾರೆ. ಕಣ್ಣಿನ ಪರೀಕ್ಷೆಯಾಗಿದೆ, ರಕ್ತದ ಪರೀಕ್ಷೆಯಾಗಿದೆ, ಎಲ್ಲವೂ ಸರಿಯಾಗಿವೆ. ತಂದೆ-ತಾಯಿ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದಾರೆ. ಚಿಕ್ಕ ತಂಗಿಯನ್ನು ಜೊತೆಗೆ ಕರೆದೊಯ್ದು ಇವನನ್ನು ಶಾಲೆಗಾಗಿ ಊರಲ್ಲಿ ಬಿಟ್ಟಿದ್ದಾರೆ. ಅವರ ಫೋನು ಬರುವುದು ಸಂಜೆ, ತಲೆ ನೋಯುವುದೂ ಸಂಜೆಯೇ. ಇದಕ್ಕೆ ನಾನು ಯಾವ ಬಾಟಲಿ ಬರೆಯಲಿ? ಇನ್ನೊಬ್ಬನಿಗೆ ಭಾನುವಾರ ರಾತ್ರಿ ವಾಂತಿ. ಅವನು ಐದನೆಯ ತರಗತಿಯಲ್ಲಿದ್ದಾನೆ, ನವೋದಯದ ಕೋಚಿಂಗಿನ ಹಾಸ್ಟೆಲಿನಲ್ಲಿ ಬೆಳಗಿನ ಜಾವ ಎದ್ದು ರಾತ್ರಿ ಹನ್ನೊಂದರವರೆಗೆ ಓದುತ್ತಾನೆ. ನವೋದಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆಗಳದ್ದು. ಒಂದು ಮಗು ಅದನ್ನು ಒಂದೇ ಸಲ ಬರೆಯಬಹುದು, ಮತ್ತು ಒಂದು ಶಾಲೆಯಲ್ಲಿರುವ ಸೀಟುಗಳು ಹೆಚ್ಚೆಂದರೆ 80. ಸೀಟು ಸಿಕ್ಕಿದರೆ ಬಡ ಮನೆಯ ಮಗುವಿನ ಬದುಕು ಬದಲಾಗುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆ ತಂದೆ-ತಾಯಿಯ ಆಸೆಯನ್ನು ಹೀಗಳೆಯುವುದೂ ಇಲ್ಲ. ಆದರೆ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಆಟ ಬೇಕು. ಆ ಹುಡುಗನಿಗೆ ಇವೆರಡೂ ಇಲ್ಲದೆ ಹೋಗಿ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವೆಂಬ ದೂರು ನನ್ನ ಮೇಜಿಗೆ ಬರುತ್ತದೆ. ನಿದ್ದೆಗೆಟ್ಟ ತಲೆಯಲ್ಲಿ ನನಗೂ ಏನೂ ನಿಲ್ಲುವುದಿಲ್ಲ. ರಾತ್ರಿ ಪಾಳಿಯ ಕಾಲದಲ್ಲಿ ನೋಡಿದ್ದೇನೆ.

ಇಂಥ ಮಗುವನ್ನು ಆಪ್ತಸಮಾಲೋಚಕರ ಬಳಿ ಕರೆದೊಯ್ಯಿರಿ ಎಂದ ತಕ್ಷಣ ಬರುವ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೇನೆ: "ನಮ್ಮ ಹುಡುಗಗ ತಲಿ ಕೆಟ್ಟಿಲ್ರಿ." ಕೆಟ್ಟಿದೆ ಎಂದು ನಾನೂ ಹೇಳಿಲ್ಲ. ಇಡೀ ದೇಶದಲ್ಲಿ ಇಂದು ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಕೇಂದ್ರ ಸರ್ಕಾರ ಅದನ್ನು ಬೇರೆ ಜಿಲ್ಲೆಗಳಿಗೆ ಕೊಂಡೊಯ್ದಾಗ ಅದರ ಹೆಸರೇ ಬಳ್ಳಾರಿ ಮಾದರಿ ಎಂದಾಗಿತ್ತು. ಪಕ್ಕದ ಜಿಲ್ಲೆಯಿಂದ ದೇಶವೆಲ್ಲ ಕಲಿತಿರುವಾಗ ನಾವು ಮಾತ್ರ ಆಪ್ತಸಮಾಲೋಚಕರೆಂಬ ಮಾತು ಕೇಳಿದೊಡನೆ ಕುರ್ಚಿಯಿಂದ ಏಳುತ್ತೇವೆ. ಜಿಲ್ಲಾ ಆಸ್ಪತ್ರೆಗೆ ಹೋಗಲು ನಾಚಿಕೆಯಾದರೆ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೇಳುವುದಿಲ್ಲ. ತೊಂದರೆಯಲ್ಲಿರುವ ಮಗುವೇ ಕರೆ ಮಾಡಬಹುದಾದ ಸಂಖ್ಯೆ 1098. ಇದನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಹೊರಗೆ ಕೂತಿದ್ದವರು ಒಳಗೆ ಬಂದ ಕೂಡಲೇ ಕೇಳುವುದು, "ಏನಂದ?" ಎಂದು. ಮಗು ಒಪ್ಪಿದ್ದನ್ನು ಹೇಳುತ್ತೇನೆ, ಒಪ್ಪದಿದ್ದನ್ನು ಹೇಳುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ, ಅಥವಾ ಯಾರಾದರೂ ಮಗುವಿಗೆ ಕೆಡುಕು ಮಾಡುತ್ತಿದ್ದರೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನನ್ನ ಕರ್ತವ್ಯ, ಮತ್ತು ತಿಳಿಸುತ್ತೇನೆ. ಇದನ್ನು ಮಾತು ಆರಂಭಿಸುವ ಮೊದಲೇ ಮಗುವಿಗೂ ಹೇಳಿರುತ್ತೇನೆ. ಮನೆಗೆ ಹೋದ ಮೇಲೆ ಮಗುವನ್ನು ಗೋಡೆಗೆ ಒರಗಿಸಿ ವಿಚಾರಣೆ ಮಾಡಬೇಡಿ. ಹಾಗೆ ಮಾಡಿದವರ ಮಕ್ಕಳು ಮುಂದಿನ ಸಲ ನನ್ನೆದುರು ಕೂಡ ಬಾಯಿ ಬಿಡುವುದಿಲ್ಲ.

ಇನ್ನು ಚೀಟಿಯಲ್ಲಿ ಒಂದೂ ಔಷಧವಿಲ್ಲದೆ, ಬರೀ ಮಾತನಾಡಿದ್ದಕ್ಕೆ ಫೀಸು ಕೊಡಬೇಕೇ ಎಂದು ಕೇಳುವವರಿದ್ದಾರೆ. ಕೊಡಬೇಕು. ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸವದು.