ಹಣ ಮಂಜೂರಾಗುವ ಮೊದಲೇ ನಿಮಗೇನು ಕೆಲಸ?

ಕಾರವಾರದಲ್ಲಿ ಸಂಶೋಧನಾ ಯೋಜನೆಗಳ ಮ್ಯಾನೇಜರ್ ಆಗಿದ್ದೇನೆ ಅಂದಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಹಣ ಕೇಳಿ ಪ್ರೊಪೋಸಲ್ ಬರೆಯುವುದು ವಿಜ್ಞಾನಿಗಳ ಕೆಲಸ. ಹಣ ಬಂದ ಮೇಲೆ ತಾನೇ ನಿಮ್ಮ ಕೆಲಸ ಶುರು? ಮೊನ್ನೆ ಶಿರಸಿಯಿಂದ ಬಂದಿದ್ದ ಅಧ್ಯಾಪಕಿಯೊಬ್ಬರೂ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಪ್ರೊಪೋಸಲ್ ನನ್ನ ಕೈಗೆ ಬಂತು. ಆಗಲೇ ಮಂಜೂರಾಗಿತ್ತು. ಮಳೆಗಾಲದಲ್ಲಿ ಅಳಿವೆಯ (ನದಿ ಸಮುದ್ರ ಸೇರುವ ಜಾಗದ) ನೀರಿನ ಉಪ್ಪು ಇಳಿದಾಗ ಬಳಚು ಅನ್ನುವ ಚಿಪ್ಪುಜೀವಿಗೆ ಏನಾಗುತ್ತದೆ ಅನ್ನುವ ಮೂರು ವರ್ಷದ ಅಧ್ಯಯನ. ಒಳ್ಳೆಯ ಪ್ರಶ್ನೆ. ಬಳಚು ಹೆಕ್ಕಿ ಮನೆ ನಡೆಸುವ ಹೆಂಗಸರು ನಮ್ಮ ಕರಾವಳಿಯಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಬೇಕಾದ ಉತ್ತರ ಅದರಲ್ಲಿತ್ತು.

ಆದರೆ 'ಪ್ರತಿ ತಿಂಗಳ 15ನೇ ತಾರೀಕು ಮಾದರಿ ಸಂಗ್ರಹ' ಅಂತ ಬರೆದಿದ್ದರು. ಬಳಚು ಸಿಗುವುದು ನೀರು ಚೆನ್ನಾಗಿ ಇಳಿದಾಗ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಜೋರು. ಅಷ್ಟಮಿಯ ಹೊತ್ತಿಗೆ ಹೋದರೆ ಅಷ್ಟು ಜಾಗ ತೆರೆದಿರುವುದಿಲ್ಲ. 15ನೇ ತಾರೀಕು ಯಾವ ತಿಥಿ ಬರುತ್ತದೋ ಯಾರಿಗೆ ಗೊತ್ತು? ಇನ್ನೊಂದು, ಸಮುದ್ರದ ಕಡೆಯ ನೀರು ತರಲು ಮೀನುಗಾರಿಕೆ ಬೋಟ್ ಬಾಡಿಗೆಗೆ ಹಿಡಿಯುವ ಯೋಚನೆ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ಆ 61 ದಿನ ಬೋಟುಗಳು ಬಂದರಿನಲ್ಲೇ ಇರುತ್ತವೆ, ಕೆಲಸದವರು ಊರಿಗೆ ಹೋಗಿರುತ್ತಾರೆ. ನಾಡದೋಣಿಯಲ್ಲಿ ಅಳಿವೆಯ ಒಳಗಾದರೂ ಓಡಾಡಬಹುದಿತ್ತು. ಅದರ ಬಾಡಿಗೆ ಬಜೆಟ್ಟಿನಲ್ಲಿ ಇರಲೇ ಇಲ್ಲ.

ಮೊದಲ ಕಂತು ಆಗಸ್ಟಿನಲ್ಲಿ ಬಂತು. ಜಾಹೀರಾತು, ಸಂದರ್ಶನ ಎಲ್ಲ ಮುಗಿದು ಜೆಆರ್‌ಎಫ್ (ಕಿರಿಯ ಸಂಶೋಧಕ) ಹುಡುಗ ಸೇರಿದ್ದು ನವೆಂಬರಿನಲ್ಲಿ. ಆ ಮಳೆಗಾಲ ಹೋಯಿತು. ಮುಂದಿನ ಮಳೆಗಾಲ ದೋಣಿ ಇಲ್ಲದೆ ಹೋಯಿತು. ಬಾಡಿಗೆಗೆ ಬೇರೆ ಬಾಬ್ತಿನಿಂದ ಹಣ ತೆಗೆಯೋಣ ಅಂದರೆ ಹಣ ಕೊಟ್ಟವರ ಒಪ್ಪಿಗೆ ಬೇಕು. ಪತ್ರ ಬರೆದೆ, ಉತ್ತರ ಬರುವಷ್ಟರಲ್ಲಿ ಆಕಾಶ ತಿಳಿಯಾಗಿತ್ತು. ಮೂರು ಮಳೆಗಾಲದ ಲೆಕ್ಕ ಕೊಡುತ್ತೇವೆ ಅಂದಿದ್ದ ಯೋಜನೆಗೆ ಪೂರ್ತಿಯಾಗಿ ಸಿಕ್ಕಿದ್ದು ಒಂದೇ.

ಆ ವಿಜ್ಞಾನಿ ತುಂಬ ಶ್ರದ್ಧೆಯವರು. ಅವರ ಬೇಸರ ನೋಡಿ ನನಗೆ ಸಂಕಟವಾಯಿತು. ಬರೆಯುವ ಹೊತ್ತಿಗೆ ಒಂದು ಸಂಜೆ ಇಬ್ಬರೂ ಪಂಚಾಂಗ ಹಿಡಿದು ಕೂತಿದ್ದರೆ ಇಷ್ಟೂ ತಪ್ಪುತ್ತಿತ್ತು. ಬರೆಯುವಾಗ ಒಂದು ಸಾಲು ಬದಲಿಸಲು ಯಾರ ಒಪ್ಪಿಗೆಯೂ ಬೇಡ. ಮಂಜೂರಾದ ಮೇಲೆ ಅದೇ ಸಾಲಿಗೆ ತಿಂಗಳುಗಟ್ಟಲೆ ಕಾಯಬೇಕು.

ಸಂಬಳದ್ದೂ ಹೀಗೇ. ಹಳೆಯ ಪ್ರೊಪೋಸಲ್ ಎದುರಿಗಿಟ್ಟುಕೊಂಡು ಬಜೆಟ್ ಹಾಕುವವರು ಜಾಸ್ತಿ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 31,000 ರೂಪಾಯಿಯಿಂದ 37,000 ಆಯಿತು. ಹಳೆಯ ಅಂಕಿಯನ್ನೇ ಬರೆದರೆ ಒಬ್ಬರ ಮೇಲೆ ವರ್ಷಕ್ಕೆ 72,000 ಕಡಿಮೆ ಬೀಳುತ್ತದೆ, ಮನೆ ಬಾಡಿಗೆ ಭತ್ಯೆ ಬೇರೆ. ಸಲಕರಣೆ ಬರೆಯುತ್ತಾರೆ, ಅದರ ನಿರ್ವಹಣೆಯ ಖರ್ಚು ಬರೆಯುವುದಿಲ್ಲ. ನಮ್ಮ ಉಪ್ಪುಗಾಳಿಗೆ ಯಾವ ಕಬ್ಬಿಣ ಉಳಿದೀತು? ವಿದೇಶದ ಸಂಸ್ಥೆ ಜೊತೆಗಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿ ಬೇಕಾ ಅಂತ ಮೊದಲೇ ನೋಡಬೇಕು. ಇವೆಲ್ಲ ಗೊತ್ತಿದ್ದವರು ಜೊತೆಗಿದ್ದರೆ ಒಂದು ದಿನದ ಕೆಲಸ.

ಕೆಲವರಿಗೆ ಒಂದು ಭಯ ಇದೆ. ಮ್ಯಾನೇಜರ್ ಬಂದರೆ 'ಇದು ಆಗಲ್ಲ, ಅದು ಕಷ್ಟ' ಅಂತ ಸಂಶೋಧನೆಯನ್ನೇ ಸಣ್ಣದು ಮಾಡುತ್ತಾರೆ ಅಂತ. ಹಾಗೆ ಮಾಡುವವರನ್ನು ನಾನೂ ನೋಡಿದ್ದೇನೆ, ಅದು ತಪ್ಪು. ಏನನ್ನು ಹುಡುಕಬೇಕು ಅನ್ನುವುದು ವಿಜ್ಞಾನಿಯ ಮಾತು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಯಾವ ತಿಂಗಳು, ಯಾರ ಜೊತೆ, ಎಷ್ಟು ಹಣದಲ್ಲಿ ಅನ್ನುವುದಕ್ಕೆ ನಾನು ಬೇಕು.

ನಿಜವಾದ ತೊಡಕು ಬೇರೆ. ಮಂಜೂರಾಗದ ಪ್ರೊಪೋಸಲ್‌ಗೆ ನಾನು ಕೊಟ್ಟ ದಿನಗಳ ಸಂಬಳ ಯಾರು ಕೊಡಬೇಕು? ಯಾವ ಗ್ರಾಂಟಿನಲ್ಲೂ ಅದಕ್ಕೆ ಜಾಗ ನೋಡಿಲ್ಲ. ಗ್ರಾಂಟಿನ ಜೊತೆ ಓವರ್‌ಹೆಡ್ ಅಂತ ಸಂಸ್ಥೆಯ ಸಾಮಾನ್ಯ ಖರ್ಚಿಗೆ ಹಣ ಬರುತ್ತದಲ್ವಾ, ಅದರಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಬೇಕು. ಸಿಕ್ಕಿದ ಕಡೆಯಲ್ಲೆಲ್ಲ ಇದನ್ನು ಹೇಳುತ್ತಿದ್ದೇನೆ.

2024ರಲ್ಲಿ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಕೆಲಸ ಮಾಡುವ ಆಸೆ ಶಿರಸಿಯ ಆ ಅಧ್ಯಾಪಕಿಗೂ ಇದೆ. ಅವರ ಹತ್ತಿರ ಇನ್ನೂ ಅರ್ಧ ಪುಟ ಮಾತ್ರ ಇತ್ತು, ಬಜೆಟ್ ಹಾಕಿರಲಿಲ್ಲ. ಅಷ್ಟೇ ಸಾಕು ಅಂದೆ. ಮುಂದಿನ ಅಮಾವಾಸ್ಯೆಗೆ ಇಬ್ಬರೂ ಕುಮಟಾ ಕಡೆ ಹೋಗಿ ದೋಣಿಯವರನ್ನು ಮಾತಾಡಿಸಿ ಬರುತ್ತೇವೆ.