ಟೀಮಿನಲ್ಲಿ ಒಬ್ಬ ಕೆಲಸವೇ ಮಾಡಲ್ಲ, ಏನು ಮಾಡೋದು?

ಆಫೀಸುಗಳಲ್ಲಿ ತಂಡಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಮಾತುಕತೆ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೆ ಯಾರಾದರೂ ಒಬ್ಬರು ಹತ್ತಿರ ಬಂದು, ದನಿ ತಗ್ಗಿಸಿ ಕೇಳುತ್ತಾರೆ: "ಅದೆಲ್ಲ ಸರಿ ಮೇಡಂ. ನಮ್ಮ ಟೀಮಲ್ಲಿ ಒಬ್ಬ ಇದ್ದಾನೆ. ಏನೂ ಮಾಡಲ್ಲ. ಅವನ ಪಾಲಿಂದೂ ನಾವೇ ಮಾಡ್ಬೇಕು. ಕೊನೆಗೆ ಹೆಸರು ಮಾತ್ರ ಎಲ್ಲರಿಗೂ ಒಂದೇ. ಏನು ಮಾಡೋದು?"

ನಾನು ತಿರುಗಿ ಕೇಳುವುದೂ ಪ್ರತಿ ಸಲ ಒಂದೇ. ಅವನ ಪಾಲು ಅಂದಿರಲ್ಲ, ಅದು ಯಾವುದು ಅಂತ ಹೇಳಿ ನೋಡೋಣ? ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ. "ಎಲ್ಲರೂ ಸೇರಿ ಮಾಡೋ ಕೆಲಸ ಮೇಡಂ, ಹಾಗೆ ಇಂಥದ್ದು ಅಂತ ಇಲ್ಲ" ಅನ್ನುತ್ತಾರೆ. ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಅವನು ಸೋಮಾರಿಯೋ ಅಲ್ಲವೋ ಆಮೇಲೆ ನೋಡೋಣ. ಮೊದಲು ಕೆಲಸ ಹಂಚಿದ ರೀತಿ ನೋಡೋಣ. ಒಳ್ಳೆಯ ಕೆಲಸಗಾರನ ಕೈಯನ್ನೂ ಸಡಿಲ ಮಾಡುವ ಶಕ್ತಿ ಗುಂಪಿಗೆ ಇದೆ.

ಇದು ನನ್ನ ಊಹೆಯಲ್ಲ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗಲ್‌ಮನ್ ಅನ್ನುವ ಕೃಷಿ ಎಂಜಿನಿಯರ್ ಇದ್ದರು. 1880ರ ದಶಕದಲ್ಲಿ ಅವರು ಜನರನ್ನು ಒಬ್ಬೊಬ್ಬರನ್ನಾಗಿ, ಆಮೇಲೆ ಗುಂಪಾಗಿ ನಿಲ್ಲಿಸಿ, ಎಳೆಯುವಾಗ ಎಷ್ಟು ಬಲ ಹಾಕುತ್ತಾರೆ ಅಂತ ಅಳೆದರು. ಲೆಕ್ಕವನ್ನೆಲ್ಲ ಪ್ರಕಟಿಸಿದ್ದು 1913ರಲ್ಲಿ. ಒಬ್ಬನೇ ಎಳೆಯುವಾಗಿನ ಬಲವನ್ನು 100 ಅಂತ ಇಟ್ಟುಕೊಂಡರೆ, ಇಬ್ಬರು ಸೇರಿದಾಗ ತಲೆಗೆ 93 ಆಯಿತು. ನಾಲ್ವರಾದಾಗ 77. ಎಂಟು ಜನ ಆದಾಗ 49. ಗುಣಿಸಿ ನೋಡಿ: ಎಂಟು ಜನ ಸೇರಿ ಎಳೆದದ್ದು ಒಬ್ಬೊಬ್ಬರಾಗಿ ಎಳೆಯುವ ನಾಲ್ಕು ಜನರ ಬಲದಷ್ಟೂ ಇಲ್ಲ. ಏಳು ಜನರಿದ್ದಾಗ ತಲೆಗೆ 56 ಇತ್ತು. ಅದನ್ನೂ ಗುಣಿಸಿದರೆ ಎಂಟು ಜನರದ್ದೇ ಮೊತ್ತ ಬರುತ್ತದೆ. ಅಂದರೆ ಎಂಟನೆಯವನು ಬಂದದ್ದೂ ಒಂದೇ, ಬಿಟ್ಟದ್ದೂ ಒಂದೇ. ಪಾಪ, ಅವನೂ ಬೆವರು ಸುರಿಸಿಯೇ ಇರುತ್ತಾನೆ.

ಇಲ್ಲಿ ಒಂದು ಅನುಮಾನ ಬರಬೇಕು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದರೆ ಬಲ ಸುಮ್ನೆ ಪೋಲಾಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ ಅಲ್ವಾ? ನಿಜ, ಒಂದು ಭಾಗ ಹಾಗೇ ಹೋಗುತ್ತದೆ. ಆದರೆ ಪೂರ್ತಿ ಅಲ್ಲ. 1974ರಲ್ಲಿ ಅಮೆರಿಕದ ಅಲನ್ ಇಂಗಮ್ ಮತ್ತು ಜೊತೆಗಾರರು ಇದನ್ನು ಬೇರೆ ಮಾಡಿ ನೋಡಲು ಒಂದು ಉಪಾಯ ಹೂಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂದಿನ ತುದಿಗೆ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವಂತೆ ನಟಿಸಿದರು ಅಷ್ಟೇ. ನಿಜಕ್ಕೂ ಎಳೆಯುತ್ತಿದ್ದವನು ಒಬ್ಬನೇ, ಹೊಂದಾಣಿಕೆ ತಪ್ಪುವ ಮಾತೇ ಇಲ್ಲ. ಆದರೂ ಹಿಂದೆ ಜನ ಇದ್ದಾರೆ ಅಂದುಕೊಂಡಾಗ ಅವನು ಒಂಟಿಯಾಗಿ ಎಳೆದದ್ದಕ್ಕಿಂತ ಕಡಿಮೆ ಎಳೆದ.

1979ರಲ್ಲಿ ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಎಂಬ ಮೂವರು ಹಗ್ಗ ಬಿಟ್ಟು ಗಂಟಲು ಹಿಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಕೂಗಿ ಅಂದರು. ಜೊತೆಗೆ ಇನ್ನೊಬ್ಬ ಕೂಗುತ್ತಿದ್ದಾನೆ ಅಂದುಕೊಂಡವರು ಒಂಟಿಯಾಗಿ ಕೂಗಿದ್ದರ 82% ಕೂಗಿದರು. ಜೊತೆಗೆ ಐದು ಜನ ಇದ್ದಾರೆ ಅಂದುಕೊಂಡವರು 74%. ಗುಂಪಿನಲ್ಲಿ ಗೋವಿಂದ ಅಂತ ನಾವು ತಮಾಷೆಗೆ ಹೇಳುವುದನ್ನು ಇವರು ಮೀಟರ್ ಇಟ್ಟು ಅಳೆದರು. ಇವರಲ್ಲಿ ಯಾರೂ ಮೋಸ ಮಾಡಲು ಬಂದವರಲ್ಲ, ಅದನ್ನು ಮರೆಯಬೇಡಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಎರಡು ವರ್ಷದ ನಂತರ ಇದೇ ಮೂವರು ಮಾಡಿದ ಇನ್ನೊಂದು ಪ್ರಯೋಗ. ಗುಂಪಿನಲ್ಲಿ ಕೂಗಿದರೂ ನಿಮ್ಮೊಬ್ಬರ ದನಿ ಎಷ್ಟು ಅಂತ ಬೇರೆಯಾಗಿ ಗೊತ್ತಾಗುತ್ತದೆ ಅಂತ ನಂಬಿಸಿದಾಗ, ಈ ಸಡಿಲತನ ಮಾಯವಾಯಿತು. ಜನ ಅವರೇ, ಗಂಟಲೂ ಅದೇ. ಬದಲಾದದ್ದು ತನ್ನ ಪಾಲು ಬೇರೆಯಾಗಿ ಕಾಣುತ್ತದೆ ಅನ್ನುವ ಒಂದು ವಿಷಯ.

ಈಗ ನಿಮ್ಮ ಆಫೀಸಿಗೆ ಬನ್ನಿ. "ಈ ರಿಪೋರ್ಟ್ ನೀವೆಲ್ಲ ಸೇರಿ ನೋಡ್ಕೊಳ್ಳಿ" ಅಂತ ಹೇಳಿ ಬಾಸ್ ಎದ್ದು ಹೋಗುತ್ತಾರೆ. ಮೇಲ್ ಒಂಬತ್ತು ಜನರಿಗೆ ಹೋಗುತ್ತದೆ. ಉತ್ತರ ಯಾರು ಕೊಡಬೇಕು? ಯಾರಾದರೂ ಕೊಡುತ್ತಾರೆ ಅಂತ ಒಂಬತ್ತೂ ಜನ ಅಂದುಕೊಳ್ಳುತ್ತಾರೆ. ಹತ್ತು ಜನ ಸೇರಿದರೆ ಹಾವು ಸಾಯಲ್ಲ ಅಂತ ಹಿರಿಯರು ಅಂದದ್ದು ಇದನ್ನೇ. ಇಂಥ ಕಡೆ ಯಾರಾದರೂ ಒಬ್ಬರ ಕೈ ಮೊದಲು ಸಡಿಲವಾಗುತ್ತದೆ. ನಿಮ್ಮ ಕಣ್ಣಿಗೆ ಬೀಳುವುದು ಆ ಒಬ್ಬ. ಅವನನ್ನು ಬೇರೆ ಟೀಮಿಗೆ ಕಳಿಸಿದರೆ ಸ್ವಲ್ಪ ದಿನಕ್ಕೆ ಇನ್ನೊಬ್ಬ ಆ ಜಾಗಕ್ಕೆ ಬರುತ್ತಾನೆ. ಹೀಗಾದದ್ದನ್ನು ನಾನು ನೋಡಿದ್ದೇನೆ. ಆಗ ಎಲ್ಲರೂ "ನಮ್ಮ ಗ್ರಹಚಾರ, ಮತ್ತೆ ಅಂಥವನೇ ಸಿಕ್ಕ" ಅನ್ನುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ನಾನೇ ಎಲ್ಲ ಮಾಡುತ್ತಿದ್ದೇನೆ ಅನ್ನುವ ನಿಮ್ಮ ಲೆಕ್ಕವನ್ನೂ ಪೂರ್ತಿ ನಂಬಬೇಡಿ. 1979ರಲ್ಲೇ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ, ಮನೆಯ ಯಾವ ಯಾವ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ನೂರಕ್ಕಿಂತ ಜಾಸ್ತಿಯಾಯಿತು. ಯಾರೂ ಬೇಕೆಂದು ಸುಳ್ಳು ಹೇಳಿದ್ದಲ್ಲ. ನಾವು ಮಾಡಿದ ಕೆಲಸ ನಮಗೆ ಒಂದೊಂದಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದರಲ್ಲಿ ಅರ್ಧ ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ. ಒಂದೇ ಮನೆಯಲ್ಲಿ ಇರುವ ಇಬ್ಬರ ಕತೆಯೇ ಹೀಗಾದರೆ ಎಂಟು ಜನರ ಟೀಮಿನಲ್ಲಿ, ಅದರಲ್ಲೂ ಅರ್ಧ ಜನ ಮನೆಯಿಂದ ಕೆಲಸ ಮಾಡುವಾಗ ಏನಾಗಬಹುದು ಯೋಚಿಸಿ. ಅವನೂ ಮನೆಗೆ ಹೋಗಿ "ಎಲ್ಲ ನನ್ನ ತಲೆ ಮೇಲೇ" ಅನ್ನುತ್ತಿರಬಹುದು.

ಕೆಲಸ ಮಾಡದವನು ಅಂತ ಹೆಸರು ಹೊತ್ತವರಲ್ಲಿ ಇನ್ನೊಂದು ಬಗೆಯವರು ಇದ್ದಾರೆ: ಗೊತ್ತಾಗದೆ ನಿಂತವರು. ಕೆಲಸ ಒಂದು ಕಡೆ ಸಿಕ್ಕಿಕೊಂಡಿದೆ. ಕೇಳಿದರೆ ಇಷ್ಟೂ ಗೊತ್ತಿಲ್ವಾ ಅಂತಾರೆ ಅನ್ನುವ ಭಯ. ಹಾಗಾಗಿ "ಮಾಡ್ತಾ ಇದ್ದೀನಿ, ನಾಳೆ ಆಗುತ್ತೆ" ಅಂತ ದಿನ ತಳ್ಳುತ್ತಾರೆ. ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ತಂಡವಾರು ನೋಡಿದರು. ಚೆನ್ನಾಗಿ ನಡೆಯುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಿತ್ತು. ದಾಖಲೆಯಲ್ಲಿ ಜಾಸ್ತಿ ಇತ್ತು! ಅಂಥ ತಂಡಗಳಲ್ಲಿ ತಪ್ಪಾದರೆ ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ಕಾರಣ. ಗೂಗಲ್ ತನ್ನ 180 ತಂಡಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲೂ ಈ ಹೆದರದೆ ಮಾತಾಡುವ ಗುಣವೇ ಎಲ್ಲಕ್ಕಿಂತ ಮೇಲೆ ಬಂತು. ನಿಮ್ಮ ಟೀಮಿನಲ್ಲಿ "ನನಗೆ ಇದು ಬರಲ್ಲ" ಅಂತ ಯಾರಾದರೂ ಕೊನೆಯ ಸಲ ಹೇಳಿದ್ದು ಯಾವಾಗ? ನೆನಪಿಗೆ ಬರಲಿಲ್ಲ ಅಂದರೆ ಎಲ್ಲರಿಗೂ ಎಲ್ಲ ಬರುತ್ತದೆ ಅಂತ ಅರ್ಥ ಮಾಡಿಕೊಳ್ಳಬೇಡಿ.

ಹಾಗಾದರೆ ನಿಜವಾದ ಮೈಗಳ್ಳರು ಇಲ್ಲವೇ ಇಲ್ವಾ? ಇದ್ದಾರೆ. ಖಂಡಿತ ಇದ್ದಾರೆ. ಅವರನ್ನು ಸುಮ್ನೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಪ್ರಯೋಗ ಇದೆ. 1983ರಲ್ಲಿ ನಾರ್ಬರ್ಟ್ ಕರ್ ಎಂಬುವರು ಇಬ್ಬಿಬ್ಬರಿಗೆ ಗಾಳಿ ಪಂಪ್ ಒತ್ತುವ ಕೆಲಸ ಕೊಟ್ಟರು. ಜೊತೆಗಾರನ ಕೈಲಿ ಆಗುತ್ತದೆ, ಆದರೂ ಅವನು ಮಾಡುತ್ತಿಲ್ಲ ಅಂತ ಗೊತ್ತಾದಾಗ ಮಾಡುತ್ತಿದ್ದವರೂ ಕೈ ನಿಧಾನ ಮಾಡಿದರು. ತಮಗೆ ಬರಬೇಕಾದ ಲಾಭ ಹೋದರೂ ಪರವಾಗಿಲ್ಲ, ಇವನ ಮುಂದೆ ಪೆದ್ದನಾಗಬಾರದು ಅಷ್ಟೇ. ಒಂದು ಟೀಮು ಹಾಳಾಗುವುದು ಹೆಚ್ಚಾಗಿ ಇದರಿಂದ. ಮೊದಲನೆಯವನು ಮಾಡದೆ ಉಳಿಸಿದ್ದು ಸ್ವಲ್ಪ. ಅವನನ್ನು ನೋಡಿ ಉಳಿದವರು ಬಿಟ್ಟದ್ದು ಅದಕ್ಕಿಂತ ಜಾಸ್ತಿ.

ಎಲ್ಲರೂ ಹೀಗೆ ಕೈ ಬಿಡುವುದಿಲ್ಲ. ಕೆಲಸ ತಮಗೆ ಮುಖ್ಯ, ಜೊತೆಗಾರನಿಂದ ಆಗಲ್ಲ ಅಂತ ಗೊತ್ತಾದರೆ ಕೆಲವರು ಒಂಟಿಯಾಗಿ ಮಾಡುವುದಕ್ಕಿಂತಲೂ ಜಾಸ್ತಿ ಮಾಡುತ್ತಾರೆ. ಕೂಗುವ ಪ್ರಯೋಗ ಮಾಡಿದ ಮೂವರಲ್ಲಿ ಒಬ್ಬರಾದ ವಿಲಿಯಮ್ಸ್ ಅವರೇ 1991ರಲ್ಲಿ ಸ್ಟೀವನ್ ಕರಾವ್ ಜೊತೆ ಇದನ್ನು ತೋರಿಸಿದರು. ನನ್ನ ಹತ್ತಿರ ಬಂದು ಈ ಪ್ರಶ್ನೆ ಕೇಳುವವರು ಬಹುಪಾಲು ಈ ಗುಂಪಿನವರು. ಅವರಿಗೆ ನಾನು ಹೇಳುವುದು ಅವರಿಗೆ ಇಷ್ಟವಾಗುವುದಿಲ್ಲ: ರಾತ್ರಿ ಕೂತು ಅವನ ಕೆಲಸ ಮುಗಿಸಿ ಕಳಿಸುವುದನ್ನು ನಿಲ್ಲಿಸಿ. ನೀವು ಗುಟ್ಟಾಗಿ ತುಂಬುವ ತನಕ ಬಾಸ್ ಕಣ್ಣಿಗೆ ಎಲ್ಲ ಸರಿಯಾಗೇ ಇದೆ. ಕೆಲಸ ಸಮಯಕ್ಕೆ ಬರುತ್ತಿದೆ, ಇನ್ನೇನು ಬೇಕು? ನಿಮ್ಮ ಒಳ್ಳೆಯತನವೇ ಅವನ ಪಾಲು ಕಾಣದಂತೆ ಮಾಡುತ್ತಿದೆ.

ಮಾಡಬೇಕಾದದ್ದು ಕಷ್ಟವೇನಲ್ಲ, ಬೇಜಾರಿನದು. ಒಂದು ಕೆಲಸಕ್ಕೆ ಒಂದೇ ಹೆಸರು. "ನೀವಿಬ್ಬರೂ ನೋಡ್ಕೊಳ್ಳಿ" ಅಂತ ಯಾರಾದರೂ ಅಂದರೆ ಅಲ್ಲೇ ಕೇಳಿ: ಇಬ್ಬರಲ್ಲಿ ಯಾರ ಹೆಸರು ಬರೆಯಲಿ? ಇನ್ನೊಬ್ಬರು ಸಹಾಯ ಮಾಡಬಾರದು ಅಂತಲ್ಲ. ಆಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ತಿಂಗಳ ಕೆಲಸವನ್ನು ಒಬ್ಬರಿಗೆ ಹೊರಿಸಿ ಕೊನೆಯ ದಿನ ಕೇಳುವುದಕ್ಕಿಂತ ಮೂರು ನಾಲ್ಕು ದಿನದ ತುಂಡು ಮಾಡಿ. ತುಂಡು ಚಿಕ್ಕದಾದಷ್ಟೂ ಎಲ್ಲಿ ನಿಂತಿದೆ ಅಂತ ಬೇಗ ಕಾಣುತ್ತದೆ. ಆಮೇಲೆ ಸಂಖ್ಯೆ. ನಾಲ್ಕು ಜನರ ನಡುವೆ ಮಾತಾಡಿಕೊಳ್ಳಬೇಕಾದ ಜೋಡಿಗಳು 6. ಎಂಟು ಜನರಾದರೆ 28. ಜನ ಎರಡರಷ್ಟಾದರೆ ಮಾತಿನ ಹೊರೆ ನಾಲ್ಕೂವರೆಗಿಂತ ಜಾಸ್ತಿ ಪಟ್ಟು. ತಂಡಗಳ ಬಗ್ಗೆ ಜೀವಮಾನವೆಲ್ಲ ಅಧ್ಯಯನ ಮಾಡಿದ ರಿಚರ್ಡ್ ಹ್ಯಾಕ್‌ಮನ್ ತಂಡ ಎರಡಂಕಿ ಮುಟ್ಟಬಾರದು ಅನ್ನುತ್ತಿದ್ದರು. ಕೆಲಸ ತಡವಾಗುತ್ತಿದೆ ಅಂತ ಇನ್ನೂ ಇಬ್ಬರನ್ನು ತಂದು ಸೇರಿಸುವ ಚಟ ಇದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಎಳೆಯಲು ಬಂದ ಆ ಎಂಟನೆಯವನು ನೆನಪಾಗುತ್ತಾನೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪಾಲು ಕಾಣಬೇಕು ಅಂದ ಕೂಡಲೇ ಕೆಲವು ಮ್ಯಾನೇಜರುಗಳು ಜನರನ್ನು ಕಾಯಲು ಶುರು ಮಾಡುತ್ತಾರೆ. ಕೀಬೋರ್ಡ್ ಎಷ್ಟು ಸಲ ಒತ್ತಿದರು, ಚಾಟಿನಲ್ಲಿ ಹಸಿರು ದೀಪ ಎಷ್ಟು ಹೊತ್ತು ಇತ್ತು ಅಂತ ಲೆಕ್ಕ. ನಾನು ಹೇಳಿದ್ದು ಅದಲ್ಲ. ಕಾಣಬೇಕಾದದ್ದು ಕೆಲಸ, ಕೂತಿರುವುದಲ್ಲ. ಹಸಿರು ದೀಪ ಎಣಿಸಿದರೆ ದೀಪ ಉರಿಯುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ.

ಹಂಚಿಕೆ ಸರಿ ಮಾಡಿದ ಮೇಲೆ ಅವನ ಜೊತೆ ಮಾತಾಡಿ. ಎಲ್ಲರ ಮುಂದೆ ಬೇಡ. "ಯಾಕೆ ಮಾಡಿಲ್ಲ?" ಅಂತ ಶುರು ಮಾಡಿದರೆ ನೆಪ ಬರುತ್ತದೆ. "ಎಲ್ಲಿ ನಿಂತಿದೆ?" ಅಂತ ಕೇಳಿದರೆ ಎಷ್ಟೋ ಸಲ ನಿಜವಾದ ಉತ್ತರ ಬರುತ್ತದೆ. ಆಗ ಹೊರಬೀಳುವ ಸಂಗತಿಗಳು ನಾವು ಅಂದುಕೊಂಡಂತೆ ಇರುವುದಿಲ್ಲ. ಬೇರೆ ವಿಭಾಗದವರು ಇವನ ಕೈಲಿ ಇನ್ನೊಂದು ಕೆಲಸ ಮಾಡಿಸುತ್ತಿರುತ್ತಾರೆ. ಇಲ್ಲವೇ ತಾನು ಇಲ್ಲದಿದ್ದರೂ ಈ ಟೀಮು ನಡೆಯುತ್ತದೆ ಅಂತ ಅವನಿಗೆ ಎಂದೋ ಅನ್ನಿಸಿರುತ್ತದೆ. ಎರಡನೆಯದಕ್ಕೆ ಮದ್ದು ಬೈಗುಳ ಅಲ್ಲ, ಅವನಿಲ್ಲದೆ ಮುಂದೆ ಹೋಗದಂಥ ಒಂದು ಕೆಲಸ.

ಇಷ್ಟೆಲ್ಲ ಆದ ಮೇಲೂ ಅವನು ಅಲುಗಾಡದಿದ್ದರೆ ಅದು ನಿಮ್ಮ ಕೈ ಮೀರಿದ್ದು, ಬಾಸ್ ಕೆಲಸ. ಹೋಗುವಾಗ "ಅವನು ಸೋಮಾರಿ" ಅಂತ ಹೋಗಬೇಡಿ. ಅದು ನಿಮ್ಮ ಅಭಿಪ್ರಾಯ, ಅವರು ಇಬ್ಬರನ್ನೂ ಕೂರಿಸಿ ಹೊಂದಿಕೊಂಡು ಹೋಗಿ ಅನ್ನುತ್ತಾರೆ. ಯಾವ ಕೆಲಸ, ಯಾರ ಹೆಸರಿನಲ್ಲಿತ್ತು, ಯಾವ ದಿನಕ್ಕೆ ಅಂತ ಒಪ್ಪಿದ್ದು, ಬರದೆ ಇದ್ದದ್ದರಿಂದ ಯಾರ ಕೆಲಸ ಎಷ್ಟು ದಿನ ನಿಂತಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಹಂಚಿಕೆ ಸರಿಯಿದ್ದರೆ ಈ ಹಾಳೆ ಬರೆಯಲು ಹತ್ತು ನಿಮಿಷ ಸಾಕು. ಬರೆಯಲು ಆಗುತ್ತಿಲ್ಲ ಅಂದರೆ ಬಾಸ್ ಹತ್ತಿರ ಹೋಗುವ ಮೊದಲು ಕೆಲಸ ಹಂಚಿಕೊಳ್ಳಿ.